ಬೇಲಿ ಪಕ್ಕ ಎಸೆದ ಸೈಲೆನ್ಸರ್

ನನ್ನ ಕಾರಿನ ಸೈಲೆನ್ಸರ್ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಕೇಳಿದವರಿಗೆಲ್ಲ ತುಕ್ಕು ಹಿಡಿದಿತ್ತು, ತೂತು ಬಿದ್ದಿತ್ತು ಎಂದೇ ಹೇಳಿಕೊಂಡು ಬಂದೆ. ಶುದ್ಧ ಸುಳ್ಳು. ಅದು ಇನ್ನೂ ಐದು ವರ್ಷ ಆರಾಮಾಗಿ ಬಾಳಿಕೆ ಬರುತ್ತಿತ್ತು. ಅದನ್ನು ಬಿಚ್ಚಿಸಿ ಊರಿಗೆಲ್ಲ ಕೇಳುವಂಥದ್ದನ್ನು ಹಾಕಿಸಿದ್ದು ನನ್ನ ಅಣ್ಣನ ಮೇಲಿನ ಸಿಟ್ಟಿಗೆ.

ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಏರು ಹತ್ತಿ ಎರಡು ತಿರುವು ದಾಟಿದರೆ ನಮ್ಮ ಊರು. ಅಣ್ಣನ ಮನೆ ಒಂದು ಕಡೆ, ನನ್ನದು ಇನ್ನೊಂದು ಕಡೆ, ನಡುವೆ ಒಂದೇ ಅಂಗಳ. ಅಂಗಳದ ತುದಿಯಲ್ಲಿ ಹುಳು ಮನೆ. ಅಲ್ಲಿ ಅಣ್ಣ, ಅತ್ತಿಗೆ ರೇಷ್ಮೆ ಹುಳು ಸಾಕುತ್ತಿದ್ದರು. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೆ, ಈಗಲೂ ಇದ್ದೇನೆ. ನಟ್ಟು, ಬೋಲ್ಟು, ಬೇರಿಂಗುಗಳ ಹೆಸರೆಲ್ಲ ನನಗೆ ಬಾಯಿಪಾಠ. ಯಾವುದು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಯಾವುದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬೇರೆ ವಿಷಯ. ಆ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ.

ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ಅಲ್ಲಿನ ಕಾಯಿದೆಗಳನ್ನು ಹೇಳಬೇಕಾಗಿಲ್ಲ. ಹುಳು ಮನೆಯೊಳಗೆ ಬಂದವು ಎಂದರೆ ಬೀಡಿ ಇಲ್ಲ, ಊದಿನಕಡ್ಡಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಸೆಂಟು ಇಲ್ಲ. ಹೊರಗಿನವರು ಬಾಗಿಲ ಹತ್ತಿರ ಸುಳಿಯುವಂತಿಲ್ಲ. ಮೆಣಸಿನಕಾಯಿ ಹುರಿಯುವಂತಿಲ್ಲ, ಬೆಳ್ಳುಳ್ಳಿ ಒಗ್ಗರಣೆ ಹಾಕುವಂತಿಲ್ಲ. ಹುಳು ಪೊರೆ ಕಳಚಲು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ನಾಲ್ಕು ಸಲವೂ ಮನೆಯವರೆಲ್ಲ ಕಾಯಿಲೆ ಮಲಗಿದವರ ಪಕ್ಕದಲ್ಲಿದ್ದಂತೆ ಪಿಸುಗುಡಬೇಕು. ಅಣ್ಣ ಈ ಕಾಯಿದೆಗಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವನು ಅಂಗಳ ದಾಟಿಸಿ ನನ್ನ ಅಡುಗೆಮನೆಯೊಳಕ್ಕೂ ತಂದ. ವರ್ಷಕ್ಕೆ ಐದಾರು ಬೆಳೆ. ಲೆಕ್ಕ ಹಾಕಿದರೆ ವರ್ಷದಲ್ಲಿ ಅರ್ಧದಷ್ಟು ದಿನ ನನ್ನ ಹೆಂಡತಿ ಒಗ್ಗರಣೆ ಇಲ್ಲದ ಸಾರು ಮಾಡುತ್ತಿದ್ದಳು.

ಅದನ್ನೂ ಸಹಿಸಿಕೊಂಡಿದ್ದೆ. ಒಂದು ಭಾನುವಾರ ನನ್ನ ಮಾವ, ಅತ್ತೆ ಕನಕಪುರದಿಂದ ಬಂದಿದ್ದರು. ಹೆಂಡತಿ ಕಿಟಕಿ, ಬಾಗಿಲು ಎಲ್ಲ ಹಾಕಿಕೊಂಡು ಸ್ವಲ್ಪ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದಳು. ಅಷ್ಟೇ. ಅಣ್ಣ ಅಂಗಳದಿಂದ ನುಗ್ಗಿ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಹುಳು ಮೂರ್ನೇ ಜ್ವರಕ್ಕೆ ಕೂತವೆ, ಘಾಟು ಎಬ್ಬಿಸ್ತಾ ಇದ್ದೀರಲ್ಲ, ಮನುಷ್ಯರಾ ನೀವು? ಮೊದ್ಲು ಒಲೆ ಆರ್ಸಿ!"

ಮಾವ ತಟ್ಟೆಯ ಮುಂದೆ ಕೂತಿದ್ದರು. ಅವರು ತಲೆ ತಗ್ಗಿಸಿ ಅನ್ನವನ್ನೇ ನೋಡುತ್ತಿದ್ದರು. ಹೆಂಡತಿ ಒಲೆ ಆರಿಸಿ ಗೋಡೆ ಕಡೆ ತಿರುಗಿಕೊಂಡಳು. ಭಾವನಾದವನು ತಮ್ಮನ ಹೆಂಡತಿಯ ಅಡುಗೆಮನೆ ಬಾಗಿಲಿಗೆ ಹೀಗೆ ಬರುವುದು ನಮ್ಮ ಕಡೆ ಕೇಳಿ ಕಂಡಿದ್ದಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮಾವನ ಎದುರು ಬಾಯಿ ತೆರೆಯಲಿಲ್ಲ. ಘಾಟು ತಾನೇ ಬೇಡ ನಿನಗೆ, ಘಾಟಿಲ್ಲದ್ದನ್ನೇ ಕೊಡುತ್ತೇನೆ ತಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ವಾರವೆಲ್ಲ ಬಿಡುವಾದಾಗಲೆಲ್ಲ ಫೋನಿನಲ್ಲಿ ಸೈಲೆನ್ಸರ್ ವಿಡಿಯೋ ನೋಡಿದೆ. ಬೇರೆ ಬೇರೆ ಕಾರು, ಬೇರೆ ಬೇರೆ ಸದ್ದು. ಕೆಲವು ಗುಡುಗುತ್ತವೆ, ಕೆಲವು ಸೀಳುತ್ತವೆ, ಕೆಲವು ಆಕ್ಸಿಲರೇಟರ್ ಬಿಟ್ಟಾಗ ಪಟಾಕಿ ಸರದ ಹಾಗೆ ಸಿಡಿಯುತ್ತವೆ. ನಾನು ನಲವತ್ತು ದಾಟಿದವನು, ಕಾಲೇಜು ಹುಡುಗರ ಚಾಳಿಗೆ ಬಿದ್ದೆನಲ್ಲ ಎಂದು ನಾಚಿಕೆಯೇನೂ ಆಗಲಿಲ್ಲ. ಒಂದೊಂದು ಸದ್ದು ಕೇಳುವಾಗಲೂ ಅಣ್ಣನ ಮುಖ ನೆನೆಸಿಕೊಳ್ಳುತ್ತಿದ್ದೆ. ಅವನ ಹುಬ್ಬು ಎಷ್ಟು ಮೇಲೆ ಹೋಗುತ್ತದೆ ಎಂಬುದೇ ನನ್ನ ಅಳತೆಗೋಲು.

ಶನಿವಾರ ರಾಮನಗರಕ್ಕೆ ಹೋದೆ. ಮುಖ್ಯರಸ್ತೆಯಿಂದ ಒಳಗೆ, ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ತುಸು ದೂರದ ಗಲ್ಲಿಯಲ್ಲಿ ಒಬ್ಬರು ಸೈಲೆನ್ಸರ್ ಕೆಲಸ ಮಾಡುತ್ತಿದ್ದರು. ಅವರ ಅಪ್ಪ ರೇಷ್ಮೆ ನೂಲು ತೆಗೆಯುತ್ತಿದ್ದವರಂತೆ, ಇವರು ವೆಲ್ಡಿಂಗ್ ಕಲಿತು ಈ ಕಡೆ ಬಂದವರು. ಅಂಗಡಿಯ ತೊಲೆಯುದ್ದಕ್ಕೂ ಸಂತೆಯಲ್ಲಿ ಸೋರೆಕಾಯಿ ನೇತುಹಾಕಿದ ಹಾಗೆ ಸೈಲೆನ್ಸರುಗಳು ತೂಗುತ್ತಿದ್ದವು. ನಾನು ಕಾರ್ಖಾನೆಯ ಸ್ಟೋರಿನವನು ಎಂಬ ಗತ್ತಿನಲ್ಲಿ ಒಂದೊಂದನ್ನೇ ತಟ್ಟಿ ನೋಡಿದೆ.

"ಭಾಯ್, ಈ ಕಾರ್‌ಗೆ ಫ್ರೀ ಫ್ಲೋ ಹಾಕ್ಬೇಕು. ಎರಡೂವರೆ ಇಂಚ್ ಪೈಪು."

ಅವರು ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದರು. "ಹಳೇದು ಚೆನ್ನಾಗೈತಲ್ಲ ಸಾ. ಯಾಕೆ ಬಿಚ್ಚಿಸ್ತೀರ?"

"ಪಿಕಪ್ ಸಾಲ್ದು."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎರಡು ಸೈಲೆನ್ಸರ್ ಕೆಳಗಿಳಿಸಿ ಬೆಂಚಿನ ಮೇಲಿಟ್ಟು ಬಿಡಿಸಿ ಹೇಳಿದರು. ಒಂದರ ಒಳಗೆ ಕೋಣೆ ಕೋಣೆ ಮಾಡಿರುತ್ತಾರೆ, ಹೊಗೆ ಸುತ್ತಿ ಬಳಸಿ ಹೊರಗೆ ಬರುವಷ್ಟರಲ್ಲಿ ಸದ್ದು ಸುಸ್ತಾಗಿರುತ್ತದೆ. ಇನ್ನೊಂದರಲ್ಲಿ ಈ ತುದಿಯಿಂದ ಆ ತುದಿಗೆ ನೇರ ಕೊಳವೆ, ಕೊಳವೆಯ ಮೈತುಂಬ ತೂತು, ಅದರ ಸುತ್ತ ಗಾಜಿನ ನಾರು ತುಂಬಿರುತ್ತಾರೆ. ಸದ್ದನ್ನು ಹಿಡಿದುಕೊಳ್ಳುವುದು ಆ ನಾರು ಮಾತ್ರ. "ನಿಮ್ದು ಸಣ್ಣ ಇಂಜಿನ್ ಸಾ. ಇದಕ್ಕೆ ದಪ್ಪ ಪೈಪ್ ಹಾಕಿದ್ರೆ ಕೆಳಗಿನ ಎಳೆತ ಹೋಗ್ಬುಡ್ತದೆ. ಏರಲ್ಲಿ ಗಾಡಿ ತಿಣುಕ್ತದೆ. ಇದು ತಗೊಳ್ಳಿ, ಒಂದೂ ಮುಕ್ಕಾಲು ಇಂಚು, ಸದ್ದು ಒಸಿ ಗಟ್ಟಿ, ಕಿವಿಗೆ ಹಿತವಾಗಿರ್ತದೆ."

"ಹಿತ ಬೇಡ. ಅದು ಕೊಡಿ."

"ಸಾ, ಬೇಜಾರ್ ಮಾಡ್ಕೋಬೇಡಿ. ಈ ಸದ್ದು ಯಾರಿಗೆ ಕೇಳಿಸ್ಬೇಕು?"

"ನಂಗೆ" ಎಂದೆ. ಅವರು ಕಾರಿಗೆ ಜಾಕ್ ಕೊಟ್ಟರು. ಮಧ್ಯಾಹ್ನದವರೆಗೆ ಕೂತು ಕೊಳವೆ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ಸ್ಟೀಲಿನ ಉದ್ದನೆಯ ಡಬ್ಬ ಕೂರಿಸಿಕೊಟ್ಟರು. ಅದರ ಹಿಂದಿನ ಮುಚ್ಚಳಕ್ಕೆ ಆರು ಬೋಲ್ಟು. ಒಳಗಿನ ನಾರು ಬರುಬರುತ್ತಾ ಸುಟ್ಟುಹೋಗುತ್ತದೆ, ಆಗ ಮುಚ್ಚಳ ಬಿಚ್ಚಿ ಹೊಸದು ತುಂಬಬೇಕು, ತಮ್ಮ ಹತ್ತಿರವೇ ಬನ್ನಿ ಎಂದು ಹೇಳಿದರು. ಹಳೆಯ ಸೈಲೆನ್ಸರನ್ನು ಡಿಕ್ಕಿಯಲ್ಲಿ ಹಾಕಿಕೊಂಡೆ. ಅದಕ್ಕೂ ಒಂದು ಕೆಲಸವಿತ್ತು.

ಮನೆಗೆ ಬಂದ ಆ ಗಳಿಗೆಯನ್ನು ಈಗಲೂ ಮರೆತಿಲ್ಲ. ತಿರುವಿನಲ್ಲೇ ಗೇರ್ ಇಳಿಸಿ ಜೋರಾಗಿ ತುಳಿದೆ. ಕೋಳಿಗಳು ದಿಕ್ಕಾಪಾಲಾದವು. ಅಣ್ಣ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಕೊಂಡು ಅಂಗಳದಲ್ಲಿದ್ದವನು ಹೊರೆಯನ್ನು ಅಲ್ಲೇ ಕೆಡವಿದ. ನಾನು ಇಂಜಿನ್ ಆರಿಸದೆ ಇಳಿದು, ಡಿಕ್ಕಿ ತೆಗೆದು, ಹಳೆಯ ಸೈಲೆನ್ಸರನ್ನು ಅವನ ಕಣ್ಣೆದುರಿಗೇ ಎತ್ತಿ ಬೇಲಿ ಪಕ್ಕ ಎಸೆದೆ.

"ಏನ್ಲಾ ಇದು?"

"ಘಾಟಿಲ್ವಲ್ಲ?" ಎಂದೆ. "ಸದ್ದಷ್ಟೇಯ."

"ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ. ಹುಳು ಬೆಚ್ಚಿ ಬೀಳ್ತವೆ ಕಣ್ಲಾ!"

"ಹುಳಕ್ಕೆ ಕಿವಿ ಐತಾ? ತೋರ್ಸು."

ಅಂದಿನಿಂದ ನಾವು ಮಾತು ಬಿಟ್ಟೆವು. ಬೆಳಗಿನ ಪಾಳಿಗೆ ಹೊರಡುವಾಗ ಬೇಕೆಂದೇ ಎರಡು ನಿಮಿಷ ಇಂಜಿನ್ ಓಡಿಸಿಕೊಂಡು ನಿಲ್ಲುತ್ತಿದ್ದೆ. ಅವನೇನು ಕಮ್ಮಿಯೇ? ಹುಳು ತಿಂದು ಬಿಟ್ಟ ಸೊಪ್ಪಿನ ಕಡ್ಡಿಗಳನ್ನು ನನ್ನ ಕಾರು ಬರುವ ದಾರಿಗೆ ಸರಿಯಾಗಿ ಒಟ್ಟತೊಡಗಿದ. ದಿನಾ ಒಂದೊಂದು ಮಂಕರಿ. ಒಟ್ಟಿಲು ಆಳೆತ್ತರ ಬೆಳೆಯಿತು. ನಾನು ಕಾರನ್ನು ಅಂಗಳದ ಬಾಯಲ್ಲೇ ನಿಲ್ಲಿಸಿ, ಒಟ್ಟಿಲು ಸುತ್ತಿ ಬಳಸಿ ನಡೆದು ಮನೆ ಸೇರಬೇಕಾಗಿತ್ತು. ಬೇಲಿ ಪಕ್ಕ ಬಿದ್ದಿದ್ದ ಹಳೆಯ ಸೈಲೆನ್ಸರ್ ಒಂದು ವಾರ ಬಿಟ್ಟು ನೋಡಿದರೆ ಇರಲಿಲ್ಲ. ಗುಜರಿಯವನು ಹೊತ್ತುಕೊಂಡು ಹೋಗಿರಬೇಕು ಎಂದುಕೊಂಡೆ.

ಇನ್ನು ಕಾರಿನ ವಿಷಯ. ಭಾಯ್ ಹೇಳಿದ್ದು ಅಕ್ಷರಶಃ ನಿಜವಾಯಿತು. ಚಪ್ಪಟೆ ರಸ್ತೆಯಲ್ಲಿ ಆರ್ಭಟ, ನಮ್ಮೂರ ಏರು ಬಂದರೆ ತುಂಬಿದ ಬಸುರಿಯ ಹಾಗೆ ಏದುಸಿರು. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಈಗ ಎರಡಕ್ಕೆ ಇಳಿಯಿತು. ಕಾಯಿಪಲ್ಯದ ಆಟೋಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಕೆಲಸ ಮುಗಿಸಿ ಬರುವಷ್ಟರಲ್ಲಿ ತಲೆಯೊಳಗೆ ಗುಂಯ್ ಎನ್ನುತ್ತಿತ್ತು. ನನ್ನ ಹೆಂಡತಿಗೆ ಮೊದಮೊದಲು ಒಳಗೊಳಗೇ ಖುಷಿಯಿತ್ತು. ಬರುಬರುತ್ತಾ ಅವಳೂ "ನಿಮ್ ಗಾಡಿ ಬಂದ್ರೆ ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದೇ ಗೊತ್ತಾಗಲ್ಲ" ಎಂದು ಗೊಣಗಿದಳು. ನಾನು ಯಾರೆದುರೂ ಒಪ್ಪಿಕೊಳ್ಳಲಿಲ್ಲ. ಸೂಪರ್ ಪಿಕಪ್ಪು ಎಂದೇ ಹೇಳುತ್ತಿದ್ದೆ.

ಆ ವರ್ಷ ಅಣ್ಣನ ಎರಡು ಬೆಳೆ ಸಾಲಾಗಿ ಹೋದವು. ಒಂದಕ್ಕೆ ಸುಣ್ಣಕಟ್ಟು ರೋಗ, ಹುಳು ಸತ್ತು ಸೀಮೆಸುಣ್ಣದ ಚೂರಿನ ಹಾಗೆ ಬೆಳ್ಳಗಾಗುತ್ತವಲ್ಲ, ಅದು. ಇನ್ನೊಂದಕ್ಕೆ ಸೆಕೆ. ಎರಡಕ್ಕೂ ನನ್ನ ಸೈಲೆನ್ಸರೇ ಕಾರಣ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಹಾಲಿನ ಡೇರಿ ಹತ್ತಿರ ಜನ ನನ್ನ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದರು. ರೋಗ ತಂದವನು ನಾನೇ, ಬಿಸಿಲು ತಂದವನೂ ನಾನೇ! ನನ್ನ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಅಷ್ಟು ಹೊತ್ತಿಗೆ ಡಬ್ಬದೊಳಗಿನ ನಾರು ಸುಟ್ಟುಹೋಗಿ ಸದ್ದು ಬರೀ ತಗಡಿನ ಕಿರುಚಾಟವಾಗಿತ್ತು. ನನಗೇ ಅಸಹ್ಯವಾಗುತ್ತಿತ್ತು. ಆದರೂ ಬದಲಾಯಿಸಲಿಲ್ಲ, ಬದಲಾಯಿಸಿದರೆ ತಪ್ಪು ಒಪ್ಪಿಕೊಂಡಂತೆ ಎಂದು.

ಒಂದು ದಿನ ಸಂಜೆ ಅತ್ತಿಗೆ ನಮ್ಮ ಮನೆಗೆ ಬಂದಳು. ಅತ್ತಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಅದೇ ವರ್ಷ ಅವಳು ಮದುವೆಯಾಗಿ ಬಂದಳು. ನನಗೆ ಎಣ್ಣೆ ಹಚ್ಚಿ ತಲೆಗೆರೆದವಳು, ಸ್ಕೂಲಿಗೆ ಬುತ್ತಿ ಕಟ್ಟಿದವಳು ಅವಳೇ. ಇಷ್ಟೆಲ್ಲ ಜಗಳದಲ್ಲೂ ಅವಳ ಮೇಲೆ ನನಗೆ ಒಂದು ಸಲವೂ ಸಿಟ್ಟು ಬಂದಿರಲಿಲ್ಲ. ಹುಳು ಸಾಕುವುದೆಂದರೆ ಅವಳಿಗೆ ಪ್ರಾಣ. ಅಣ್ಣನಿಗೆ ಅದು ಬೇಸಾಯ ಅಷ್ಟೆ. ಅವಳಾದರೋ ಹುಳು ಸೊಪ್ಪು ಮೇಯುವ ಸದ್ದಿನಲ್ಲೇ ಅವುಗಳ ಹಸಿವು ತಿಳಿಯುತ್ತಿದ್ದಳು.

ಅವಳು ಬಾಗಿಲ ಹೊಸ್ತಿಲ ಮೇಲೆ ಕೂತು ಹೇಳಿದಳು. "ನಿಮ್ಮಣ್ಣ ಸಾಕಾಗೋಯ್ತು ಅಂತಾವ್ರೆ ಕಣಪ್ಪ. ಈ ಬೆಳೇನೂ ಕೈಕೊಟ್ರೆ ಸೊಪ್ಪಿನ ತೋಟ ಕಿತ್ತಾಕಿ ಮಾವಿನ ಗಿಡ ನೆಡ್ತೀನಿ ಅಂತಾವ್ರೆ. ಅದ್ಕೇ ಈ ಸಲ ಅವರನ್ನ ಒಳಕ್ಕೇ ಬುಟ್ಟಿಲ್ಲ, ಎಲ್ಲಾ ನಾನೇ ನೋಡ್ಕೊಂಡಿವ್ನಿ. ನಾಕು ಜ್ವರ ಎದ್ದವೆ. ಇನ್ನು ಮೂರ್ನಾಕು ದಿವ್ಸಕ್ಕೆ ಹಣ್ಣಾಗಿ ಗೂಡು ಕಟ್ತವೆ. ಚೆನ್ನಾಗವೆ ಮಗ, ಒಂದೊಂದು ಹುಳ ನನ್ ಬೆರಳಷ್ಟು ಅವೆ. ಈ ಒಂದು ವಾರ ಒಸಿ ಸದ್ದು ಕಡಿಮೆ ಮಾಡ್ಕೊಳಪ್ಪ."

"ಅಣ್ಣ ಕಳಿಸಿದ್ನಾ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಯಾರ್ ಕಳಿಸಿದ್ರೇನು. ನಾನ್ ಕೇಳ್ತಾ ಇವ್ನಿ" ಎಂದಳು. ಆಯ್ತು ಎಂದೆ. ಅವಳಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಆದರೆ ಅಣ್ಣನಿಗೆ ಸೋತಂತೆ ಕಾಣಬಾರದಿತ್ತು.

ನೆಟ್ಟಗೆ ರಾಮನಗರಕ್ಕೆ ಹೋಗಿದ್ದರೆ ಭಾಯ್ ಒಂದು ಗಂಟೆಯಲ್ಲಿ ಹೊಸ ನಾರು ತುಂಬಿಕೊಡುತ್ತಿದ್ದರು. ಹೋಗಲಿಲ್ಲ. ಹೋದರೆ "ಹೇಳಿರ್ಲಿಲ್ವಾ ಸಾ" ಎಂಬ ಮಾತು ಕೇಳಬೇಕು. ಆ ಗಲ್ಲಿಯಲ್ಲಿ ಅಣ್ಣನ ಪರಿಚಯದವರು ದಿನಾ ಗೂಡು ತಗೊಂಡು ಓಡಾಡುತ್ತಾರೆ, ಸುದ್ದಿ ಮುಟ್ಟುತ್ತದೆ. ನಾನೇ ತುಂಬುತ್ತೇನೆ, ಅದೇನು ದೊಡ್ಡ ವಿದ್ಯೆ ಎಂದು ಆರು ಬೋಲ್ಟು ಬಿಚ್ಚಿದೆ. ಒಳಗೆ ಒಂದು ಹಿಡಿ ಕಪ್ಪು ಪುಡಿ ಬಿಟ್ಟರೆ ಏನೂ ಇರಲಿಲ್ಲ. ಸದ್ದು ಹಿಡಿಯುವಂಥದ್ದು, ಬೆಂಕಿ ಹಿಡಿಯದಂಥದ್ದು ಏನಿದೆ ಮನೆಯಲ್ಲಿ? ಅಟ್ಟದ ಮೇಲೆ ಒಂದು ಗೋಣಿಚೀಲ ಕಂಡಿತು. ಗೂಡು ಬಿಡಿಸುವಾಗ ಮೇಲಿನ ಜಾಳು ರೇಷ್ಮೆ ಎಳೆ ಉಳಿಯುತ್ತದೆ. ಅತ್ತಿಗೆ ಅದನ್ನು ಕೂಡಿಟ್ಟು, ದಿಂಬಿಗೆ ತುಂಬಿಕೊಳ್ಳಿ ಎಂದು ನಮಗೆ ಕೊಟ್ಟಿದ್ದಳು.

ರೇಷ್ಮೆ ಉರಿಯುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಮದುವೆಯ ಧಾರೆ ಸೀರೆ ತರಲು ಹೋದಾಗ ಅಂಗಡಿಯಲ್ಲಿ ಅತ್ತಿಗೆಯೇ ಸೆರಗಿನ ಒಂದು ಎಳೆ ಕಿತ್ತು ಕಡ್ಡಿ ಗೀರಿ ತೋರಿಸಿದ್ದಳು. ಕಳ್ಳ ರೇಷ್ಮೆಯಾದರೆ ಭಗ್ಗೆಂದು ಹತ್ತಿ ಪ್ಲಾಸ್ಟಿಕ್ ಥರ ಕರಗಿ ಗಂಟಾಗುತ್ತದೆ. ಅಸಲಿಯಾದರೆ ಬೆಂಕಿ ತೆಗೆದ ತಕ್ಷಣ ತಾನೇ ಆರಿಹೋಗುತ್ತದೆ. ನಾನು ಚೀಲದಿಂದ ಒಂದು ಎಳೆ ತೆಗೆದು ಕಡ್ಡಿ ಗೀರಿ ನೋಡಿದೆ. ಆರಿಹೋಯಿತು. ಒಂದು ಚಿಟಿಕೆ ಕೂದಲು ಸುಟ್ಟ ವಾಸನೆ ಬಂತು, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಎಂಥಾ ಉಪಾಯ ಹೊಳೆಯಿತು ನನಗೆ ಎಂದು ಬೀಗಿದೆ. ಅರ್ಧ ಚೀಲ ರೇಷ್ಮೆಯನ್ನು ಸ್ಕ್ರೂಡ್ರೈವರಿನಿಂದ ತುರುಕಿ ತುರುಕಿ ಗಿಡಿದು ಮುಚ್ಚಳ ಬಿಗಿದೆ. ಕಾರು ಸ್ಟಾರ್ಟ್ ಮಾಡಿದರೆ ಬೆಕ್ಕು ಗೊರಗೊರ ಅಂದಷ್ಟೇ ಸದ್ದು. ಕೆರೆ ಏರಿಯವರೆಗೆ ಒಂದು ಸುತ್ತು ಹೋಗಿಬಂದೆ. ಅಂಗಳದ ಬಾಯಿಗೆ ಬಂದರೂ ಯಾರೂ ತಲೆ ಎತ್ತಲಿಲ್ಲ.

ಮೂರು ದಿನ ರಜೆ ಇತ್ತು, ಕಾರು ತೆಗೆಯಲಿಲ್ಲ. ನಾಲ್ಕನೆಯ ದಿನ ಬೆಳಗಿನ ಪಾಳಿ. ಕಾರ್ಖಾನೆ ಹತ್ತಿರವಾಗುವಾಗ ಕೂದಲು ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯದಿರಬೇಕು ಎಂದು ಗಾಜು ಏರಿಸಿದೆ. ಪಾಳಿ ಮುಗಿಸಿ ಮಧ್ಯಾಹ್ನ ಹೊರಟೆ. ರಾಮನಗರ ದಾಟಿ ನಮ್ಮ ಏರಿಗೆ ಬಂದಾಗ ಕಾರು ಎಳೆಯಲೊಲ್ಲದು, ಎರಡನೇ ಗೇರಿಗೆ ಹಾಕಿ ಪೂರ್ತಿ ತುಳಿದೆ. ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ದಟ್ಟ ಹಳದಿ ಹೊಗೆ. ಅಲ್ಲೇ ನಿಲ್ಲಿಸಬೇಕಿತ್ತು. ಮನೆಗೆ ಎರಡೇ ತಿರುವು, ಮನೆಯಲ್ಲಿ ನೀರಿದೆ, ಸುರಿದರಾಯಿತು ಎಂದುಕೊಂಡು ಇನ್ನೂ ಜೋರಾಗಿ ತುಳಿದೆ.

ಅಂಗಳದ ಬಾಯಿಗೆ ಬಂದಾಗ ಕಡ್ಡಿ ಒಟ್ಟಿಲು ಇರಲಿಲ್ಲ. ಯಾರೋ ಎಲ್ಲ ಎತ್ತಿಹಾಕಿ ನೆಲ ಗುಡಿಸಿದ್ದರು. ಎಷ್ಟೋ ತಿಂಗಳ ಮೇಲೆ ದಾರಿ ಖುಲ್ಲಾ ಇತ್ತು. ಕೊನೆಗೂ ಸೋತನಲ್ಲ ಎಂದು ಆ ಹೊಗೆಯ ನಡುವೆಯೂ ಒಂದು ಗಳಿಗೆ ಹಿಗ್ಗಿದೆ. ಆ ಹಿಗ್ಗಿನಲ್ಲೇ ಕಾರನ್ನು ನೇರ ಒಳಗೆ ನುಗ್ಗಿಸಿದೆ.

ಹುಳು ಹಣ್ಣಾಗಿದ್ದವು. ಅತ್ತಿಗೆ ಬೆಳಗಿನಿಂದ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಟ್ಟಿದ್ದಳು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರ ಪಟ್ಟಿ, ಆ ಸುರುಳಿಗಳ ಸಂದಿಯಲ್ಲಿ ಕೂತು ಹುಳು ಗೂಡು ಕಟ್ಟುತ್ತವೆ. ಗಾಳಿಯಾಡಲಿ ಎಂದು ಅವನ್ನು ಅಂಗಳದ ಚಪ್ಪರದ ಕೆಳಗೆ ಸಾಲಾಗಿ ಒರಗಿಸಿದ್ದರು. ನನ್ನ ಕಾರು ನಿಂತದ್ದು ಅವುಗಳ ಎದುರಿಗೇ. ಇಂಜಿನ್ ಆರಿಸಿದೆ, ಹೊಗೆ ಆರಲಿಲ್ಲ. ಡಬ್ಬದೊಳಗೆ ತುರುಕಿದ್ದು ನಿಗಿನಿಗಿ ಬೇಯುತ್ತಲೇ ಇತ್ತು. ಗಾಳಿ ಚಪ್ಪರದ ಕಡೆಗೇ ಬೀಸುತ್ತಿತ್ತು. ನಾನು ಓಡಿಹೋಗಿ ಒಂದು ಬಕೆಟ್ ನೀರು ತಂದು ಸುರಿದೆ. ಹೊಗೆಯ ಜೊತೆ ಹಬೆಯೂ ಎದ್ದು ಇಡೀ ಅಂಗಳ ಮುಚ್ಚಿಹೋಯಿತು.

ಅತ್ತಿಗೆ ಮೂಗಿಗೆ ಸೆರಗು ಹಿಡಿದು ಬಂದವಳು ವಾಸನೆಗೇ ಗಕ್ಕನೆ ನಿಂತಳು. "ಏನೋ ತುಂಬಿದ್ದೀಯ ಅದ್ರೊಳ್ಗೆ?"

"ರೇಷ್ಮೆ. ನೀನೇ ಹೇಳಿದ್ಯಲ್ಲ ಅತ್ಗೆ, ರೇಷ್ಮೆ ಉರಿಯಲ್ಲ ಅಂತ."

"ಉರಿಯಲ್ಲ ಅಂದೆ ಕಣೋ. ಸುಡಲ್ಲ ಅಂದ್ನಾ?"

ಅಷ್ಟೇ ಅಂದಳು. ತಿರುಗಿ ಚಂದ್ರಿಕೆಗೆ ಕೈಹಾಕಿದಳು. ಅಣ್ಣ ಹಿತ್ತಲಿಂದ ಓಡಿಬಂದ. ಬೈಯುತ್ತಾನೆ, ಹೊಡೆಯುತ್ತಾನೆ, ನಾನೂ ನಾಲ್ಕು ಮಾತಾಡಿ ಹಗುರಾಗುತ್ತೇನೆ ಎಂದು ಸಿದ್ಧವಾಗಿ ನಿಂತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಚಂದ್ರಿಕೆಯ ಇನ್ನೊಂದು ತುದಿ ಹಿಡಿದುಕೊಂಡ. ನನ್ನ ಹೆಂಡತಿಯೂ ಸೇರಿಕೊಂಡಳು. ನಾನು ಒಂದಕ್ಕೆ ಕೈ ಹಾಕಲು ಹೋದೆ, ಕೈಯೆಲ್ಲ ಮಸಿ, ಅತ್ತಿಗೆ ಬೇಡ ಎಂದು ತಲೆಯಾಡಿಸಿದಳು. ಹುಳುಗಳು ಎಳೆ ಬಿಡುವುದನ್ನು ನಿಲ್ಲಿಸಿ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಕೆಳಗೆ ಉದುರಿದವು.

ಬದುಕಿ ಉಳಿದವು ಗೂಡನ್ನೇನೋ ಕಟ್ಟಿದವು. ಆದರೆ ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ತೆಳುವಾಗಿದ್ದವು. ರಾಮನಗರದ ಮಾರುಕಟ್ಟೆಯಲ್ಲಿ ಕೊಳ್ಳುವವರು ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಮತ್ತೆ ತಟ್ಟೆಗೇ ಸುರಿದು ಮುಂದೆ ಹೋದರಂತೆ. ಅಣ್ಣ ಆಡಿದ ಮಾತು ತಪ್ಪುವವನಲ್ಲ. ಮುಂದಿನ ವಾರವೇ ಜೇಸಿಬಿ ಬಂತು. ಸೊಪ್ಪಿನ ತೋಟ ಒಂದೇ ದಿನದಲ್ಲಿ ಬಯಲಾಯಿತು. ಅತ್ತಿಗೆ ಆ ದಿನವೆಲ್ಲ ಒಳಗೇ ಇದ್ದಳು.

ಕಾಯಿದೆಗಳೆಲ್ಲ ಹೋದವು. ನನ್ನ ಹೆಂಡತಿ ಈಗ ಯಾವಾಗ ಬೇಕಾದರೂ ಒಗ್ಗರಣೆ ಹಾಕಬಹುದಾಗಿತ್ತು. ನಾನು ಎಷ್ಟು ಬೇಕಾದರೂ ಸದ್ದು ಮಾಡಬಹುದಾಗಿತ್ತು. ಖಾಲಿ ಡಬ್ಬದ ಸೈಲೆನ್ಸರ್ ಕಿರುಚಿಸಿಕೊಂಡು ಅಂಗಳಕ್ಕೆ ಬಂದರೆ ಯಾರೂ ಹೊರಗೆ ಬಂದು ಬೈಯುತ್ತಿರಲಿಲ್ಲ. ಒಂದು ದಿನ ಅತ್ತಿಗೆ ನಮ್ಮ ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಹೆಂಡತಿ ಬಾಣಲೆಗೆ ಮೆಣಸಿನಕಾಯಿ ಹಾಕಿದಳು. ಅತ್ತಿಗೆ ಮಾತು ನಿಲ್ಲಿಸದೆ ಎದ್ದುಹೋಗಿ ಅಂಗಳದ ಕಡೆಯ ಕಿಟಕಿ ಮುಚ್ಚಿ ಬಂದು ಕೂತಳು. ತಾನು ಮಾಡಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಊಟಕ್ಕೆ ಕೂತಿದ್ದ ನಾನು ತಟ್ಟೆ ಬಿಟ್ಟು ಎದ್ದೆ.

ತಿಂಗಳ ಮೇಲೆ ಅವಳೇ ನನ್ನನ್ನು ಕರೆದಳು. ಹುಳು ಮನೆ ಖಾಲಿ ಮಾಡಿ ಹಸು ಕಟ್ಟುತ್ತಾರಂತೆ, ಮೇಲಿನ ಅಟ್ಟದಿಂದ ಹುಳು ಸಾಕುವ ತಟ್ಟೆಗಳನ್ನು ಇಳಿಸಿಕೊಡಬೇಕಂತೆ. ಆ ಬಾಗಿಲು ದಾಟಿ ವರ್ಷದ ಮೇಲಾಗಿತ್ತು. ಏಣಿ ಹತ್ತಿ ಒಂದೊಂದೇ ತಟ್ಟೆ ಇಳಿಸಿದೆ. ಹಿಂದೆ ಗೋಡೆಗೊರಗಿಸಿ ಏನೋ ಉದ್ದನೆಯದನ್ನು ಇಟ್ಟಿದ್ದರು, ತಟ್ಟೆಗೆ ಹಾಸುವ ಕಾಗದದಲ್ಲಿ ಸುತ್ತಿ ಹುರಿಯಲ್ಲಿ ಕಟ್ಟಿದ್ದರು. ಬಿಚ್ಚಿದೆ. ನನ್ನ ಹಳೆಯ ಸೈಲೆನ್ಸರ್. ಮೈತುಂಬ ಎಣ್ಣೆ ಸವರಿತ್ತು, ಎಲ್ಲೂ ತುಕ್ಕಿಲ್ಲ. ಎರಡೂ ಬಾಯಿಗೆ ಇಲಿ ಹೋಗದ ಹಾಗೆ ಬಟ್ಟೆ ತುರುಕಿತ್ತು.

ಅತ್ತಿಗೆ ಕೆಳಗಿನಿಂದ ನೋಡುತ್ತಿದ್ದಳು. "ನಿಮ್ಮಣ್ಣ ಮಡಗಿದ್ದು. ಗುಜರಿಯವನು ಎತ್ಕೊಂಡಿದ್ದ, ಕಿತ್ಕೊಂಡು ಬಂದ್ರು. ಎಂದಾದ್ರೂ ಕೇಳ್ತಾನೆ, ಇರ್ಲಿ ಅಂದ್ರು."

"ಅವತ್ತು ನಿನ್ನ ಕಳಿಸಿದ್ದೂ ಅವನೇಯ?"

"ಹೂಂ. ನಿನ್ ಗಾಡಿ ಸದ್ದು ನಿಲ್ತಲ್ಲ, ರಜ ಮುಗ್ಸಿ ನೀನ್ ಕೆಲ್ಸಕ್ಕೆ ಹೋದ್ ಬೆಳಿಗ್ಗೆನೇ ಕಡ್ಡಿ ಎತ್ತಾಕಿ ಗುಡಿಸಿದ್ರು. ಇನ್ನೊಂದು ದಿನ ನೋಡಿ ಮಾತಾಡುಸ್ತೀನಿ ಅಂತಿದ್ರು."

ನನಗೆ ಕಣ್ಣೀರು ಬರಬೇಕಿತ್ತೇನೋ. ಬಂದದ್ದು ಸಿಟ್ಟು. ಇಷ್ಟೆಲ್ಲ ಮಾಡುವವನಿಗೆ ಬಾಯಿಬಿಟ್ಟು ಒಂದು ಮಾತಾಡಲು ಏನು ರೋಗ ಬಂದಿತ್ತು? ತಗೋಳೋ ನಿನ್ನ ಸೈಲೆನ್ಸರ್ ಎಂದು ನನ್ನ ಮುಖದ ಮೇಲೆ ಎಸೆಯಬಾರದಿತ್ತೇ? ಆ ಸಿಟ್ಟು ಏಣಿ ಇಳಿಯುವವರೆಗೂ ಇತ್ತು. ಆಮೇಲೆ ಅದು ಯಾರ ಮೇಲೆ ಎಂದು ನನಗೇ ಸರಿಯಾಗಿ ಹೇಳಲಾಗಲಿಲ್ಲ.

ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ರಾಮನಗರಕ್ಕೆ ಹೋದೆ. ಭಾಯ್ ಸುಟ್ಟು ಕರಕಾದ ಸ್ಟೀಲ್ ಡಬ್ಬ ಬಿಚ್ಚಿ ಒಳಗೆ ಮೂಸಿ ನೋಡಿದರು. ರೇಷ್ಮೆ ಮನೆಯಲ್ಲಿ ಹುಟ್ಟಿದವರು, ಅವರಿಗೆ ಹೇಳಬೇಕಾಗಿರಲಿಲ್ಲ. ಅದನ್ನು ಸುಮ್ಮನೆ ಮೂಲೆಗಿಟ್ಟು ಹಳೆಯದನ್ನು ಕೈಗೆತ್ತಿಕೊಂಡರು. "ಎಷ್ಟು ಚೆನ್ನಾಗಿ ಮಡಗಿದ್ದೀರ ಸಾ! ಇಷ್ಟು ಜೋಪಾನ ಯಾರೂ ಮಾಡಲ್ಲ" ಎಂದರು. ನಾನು ಅದರ ಬಾಯಿಗೆ ತುರುಕಿದ್ದ ಬಟ್ಟೆ ಕಿತ್ತು ಜೇಬಿಗೆ ಹಾಕಿಕೊಂಡೆ. ಹಳೆಯ ಅಳತೆಯ ಪೈಪು, ಹಳೆಯ ಡಬ್ಬ ಕೂತ ಮೇಲೆ ಕಾರು ನಮ್ಮೂರ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು.

ಅಣ್ಣ ಬಯಲಾದ ತೋಟದಲ್ಲಿ ರಸ್ತೆಗೆ ಬೆನ್ನು ಹಾಕಿ ಮಾವಿನ ಗಿಡಕ್ಕೆ ಗುಂಡಿ ತೋಡುತ್ತಿದ್ದ. ನಾನು ಅವನ ಹಿಂದೆಯೇ ಕಾರು ನಿಲ್ಲಿಸಿದೆ. ಅವನು ತಿರುಗಲಿಲ್ಲ. ಮುನಿಸಿಗಲ್ಲ, ಅವನಿಗೆ ಕೇಳಿಸಿರಲಿಲ್ಲ. ವರ್ಷವಿಡೀ ಎರಡು ತಿರುವಿನಾಚೆಯಿಂದಲೇ ನಾನು ಬಂದೆನೆಂದು ಸಾರಿಕೊಂಡು ಬಂದವನು ನಾನು. ಈಗ ಕಾರಿನಿಂದಿಳಿದು, ಅಗೆದ ಮಣ್ಣಿನ ಮೇಲೆ ಹತ್ತು ಹೆಜ್ಜೆ ನಡೆದು, ಬಾಯಿಬಿಟ್ಟು "ಅಣ್ಣ" ಎಂದು ಕರೆಯಬೇಕಾಯಿತು.